ವೈಮಾರಿನ ನಿರ್ದೇಶಕರು, ನಮ್ಮೂರಿನ ಆಟದ ಮಾಸ್ತರರು



ದೀಪಾವಳಿಗೆಂದು ಊರಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆನಡಾದಿಂದ ಒಂದು ಪುಸ್ತಕ ತಂದುಕೊಟ್ಟ. "ಸರ್, ನಿಮಗೆ ಮೊದಲಿನಿಂದಲೂ ನಾಟಕದ ಹುಚ್ಚು. ಬಿಡುವಿದ್ದಾಗ ಓದಿ" ಎಂದ. ನಿವೃತ್ತನಿಗೆ ಬಿಡುವಿಗೇನು ಕೊರತೆ? ಟೊರೊಂಟೊ ವಿಶ್ವವಿದ್ಯಾನಿಲಯದ ಪ್ರಕಾಶನ ಸಂಸ್ಥೆಯು 2016ರಲ್ಲಿ ಹೊರತಂದ ಆ ಗ್ರಂಥವು ಫ್ರಿಟ್ಜ್ ಬೆನೆವಿಟ್ಜ್ ಎಂಬ ಜರ್ಮನ್ ರಂಗನಿರ್ದೇಶಕರು ಭಾರತದಲ್ಲಿ ಮಾಡಿದ ಕೆಲಸವನ್ನು ಕುರಿತದ್ದು. ಅವರು ಬರೆದ ಪತ್ರಗಳೂ ಟಿಪ್ಪಣಿಗಳೂ ಅದರ ಜೀವಾಳ. ಓದಿ ಮುಗಿಸಿದ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಅದಕ್ಕೆ ಕಾರಣರಾದವರು ಜರ್ಮನಿಯ ಆ ಮಹನೀಯರಲ್ಲ. ನಮ್ಮ ಎಮ್ಮಿಗನೂರಿನಲ್ಲಿ ದೊಡ್ಡಾಟ ಕಲಿಸುತ್ತಿದ್ದ ಒಬ್ಬ ಮಾಸ್ತರರು. ಈ ಇಬ್ಬರಿಗೂ ಏನು ಸಂಬಂಧವೆಂಬುದನ್ನು ಹೇಳಲು ಈ ಬರಹ.

ಮೊದಲು ದೂರದವರ ವಿಷಯ. ಬೆನೆವಿಟ್ಜ್ ಹುಟ್ಟಿದ್ದು 1926ರಲ್ಲಿ, ಕೆಮ್ನಿಟ್ಜ್ ನಗರದಲ್ಲಿ. ಯುದ್ಧಾನಂತರ ಜರ್ಮನಿ ಎರಡಾಗಿ ಒಡೆದಾಗ ಅವರ ಬದುಕು ಪೂರ್ವ ಭಾಗದಲ್ಲಿ ಸಾಗಿತು. ಮೈನಿಂಗೆನ್ನಿನ ರಂಗಮಂದಿರದಲ್ಲಿ ದುಡಿದು, 1960ರಲ್ಲಿ ವೈಮಾರ್ ನಗರದ ರಾಷ್ಟ್ರೀಯ ರಂಗಮಂದಿರಕ್ಕೆ ಬಂದು ಸುಮಾರು ಮೂರು ದಶಕ ಅಲ್ಲಿ ನೆಲೆನಿಂತರು. ಮಹಾಕವಿ ಗಯಟೆ ತಾನೇ ನಾಟಕಶಾಲೆಯ ಮೇಲ್ವಿಚಾರಣೆ ನಡೆಸಿದ ಊರು ಅದು. ಅದೇ ಊರಿನಲ್ಲಿ ಗಯಟೆಯ ಫೌಸ್ಟ್ ನಾಟಕವನ್ನು ಇವರು ಮೂರು ಬಾರಿ, ಮೂರು ಬೇರೆ ಬೇರೆ ಕಾಲಗಳಲ್ಲಿ ರಂಗಕ್ಕೆ ತಂದರು.

ಭಾರತಕ್ಕೆ ಅವರು ಬಂದದ್ದು ಒಂದು 'ಒಪೆರಾ'ದ ಮೂಲಕ. ಒಪೆರಾ ಎಂದರೆ ಹಾಡಿನಲ್ಲಿಯೇ ಕಥೆ ನಡೆಯುವ ನಾಟಕ. 1928ರಲ್ಲಿ ಬರ್ಲಿನ್ನಿನಲ್ಲಿ ಬ್ರೆಖ್ಟ್ ಎಂಬ ನಾಟಕಕಾರನೂ ಕುರ್ಟ್ ವೈಲ್ ಎಂಬ ಸಂಗೀತಗಾರನೂ ಕೂಡಿ, ಶ್ರೀಮಂತರ ಒಪೆರಾವನ್ನು ಅಣಕಿಸುವ 'ಮೂರು ಕಾಸಿನ ಒಪೆರಾ' ಒಂದನ್ನು ರಚಿಸಿದರು. ಅದರಲ್ಲಿ ಹಾಡುವವರು ರಾಜರಾಣಿಯರಲ್ಲ, ಕಳ್ಳರು, ಭಿಕ್ಷುಕರು. ಬೆನೆವಿಟ್ಜ್ 1970ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಇದನ್ನು ಹಿಂದುಸ್ತಾನಿಯಲ್ಲಿ ಆಡಿಸಿದರು. 1973ರಲ್ಲಿ ಮುಂಬಯಿಯಲ್ಲಿ ವಿಜಯಾ ಮೆಹತಾ ಅವರೊಂದಿಗೆ ಕೂಡಿ ಬ್ರೆಖ್ಟನದೇ 'ಕಕೇಷಿಯನ್ ಚಾಕ್ ಸರ್ಕಲ್' ನಾಟಕವನ್ನು ಮರಾಠಿಯಲ್ಲಿ, ಅಲ್ಲಿಯ ತಮಾಷಾ ಆಟದ ಧಾಟಿಯಲ್ಲಿ ಕಟ್ಟಿದರು. ಆ ತಂಡದವರು ಅದನ್ನು ಪೂರ್ವ ಜರ್ಮನಿಗೂ ಕೊಂಡೊಯ್ದು ಮರಾಠಿಯಲ್ಲಿಯೇ ಆಡಿ ಬಂದರು. ನಮ್ಮ ಬಿ. ವಿ. ಕಾರಂತರು ಕಟ್ಟಿ ಬೆಳೆಸಿದ ಭೋಪಾಲದ ರಂಗಮಂಡಲದಲ್ಲಿಯೂ ಬೆನೆವಿಟ್ಜ್ ನಾಟಕ ಮಾಡಿಸಿದರು.

ಇದರಲ್ಲಿ ರಾಜಕಾರಣವಿರಲಿಲ್ಲವೇ? ಖಂಡಿತ ಇತ್ತು. 1970ರಲ್ಲಿ ಭಾರತ ಸರ್ಕಾರ ಪೂರ್ವ ಜರ್ಮನಿಗೆ ಇನ್ನೂ ಮಾನ್ಯತೆ ನೀಡಿರಲಿಲ್ಲ, ನೀಡಿದ್ದು 1972ರಲ್ಲಿ. ತನ್ನ ಕಲಾವಿದರನ್ನು ಕಳುಹಿಸಿ ಸ್ನೇಹ ಸಂಪಾದಿಸುವುದು ಆ ದೇಶಕ್ಕೆ ಅಗತ್ಯವಾಗಿತ್ತು. ಆದರೆ 1990ರಲ್ಲಿ ಅವರನ್ನು ಕಳುಹಿಸುತ್ತಿದ್ದ ದೇಶವೇ ಭೂಪಟದಿಂದ ಮಾಯವಾಯಿತು. ಬೆನೆವಿಟ್ಜ್ ಮಾತ್ರ ಬರುವುದನ್ನು ನಿಲ್ಲಿಸಲಿಲ್ಲ. 1994ರಲ್ಲಿ ಮುಂಬಯಿಯಲ್ಲಿ ಫೌಸ್ಟ್ ಆಡಿಸಿ, ಮರುವರ್ಷ ತೀರಿಕೊಂಡರು. ಕಳುಹಿಸುವವರು ಇಲ್ಲವಾದ ಮೇಲೂ ಬರುವವನನ್ನು ಏನೆಂದು ಕರೆಯಬೇಕು? ದೂತ ಎನ್ನಲಾಗದು, ನೆಂಟ ಎನ್ನಬೇಕು.

ಹಿಂದಿಯಾಗಲೀ ಮರಾಠಿಯಾಗಲೀ ಅವರ ಭಾಷೆಗಳಲ್ಲ. ಆದರೂ ನಾಟಕಗಳು ನಡೆದವು. ಹೇಗೆಂದು ಯೋಚಿಸಿದಾಗ ನನಗೆ ತೋಚಿದ್ದು ಇಷ್ಟು: ಬ್ರೆಖ್ಟನ ಆ ನಾಟಕದಲ್ಲಿ ಕಥೆ ಹೇಳುತ್ತ ಸಾಗುವ ಹಾಡುಗಾರನೊಬ್ಬನಿದ್ದಾನೆ. ಅಂಥವನು ನಮ್ಮ ಮಣ್ಣಿಗೆ ಹೊಸಬನಲ್ಲ. ಭಾಗವತ ಎನ್ನಿ, ಸೂತ್ರಧಾರ ಎನ್ನಿ, ನಮ್ಮ ಆಟಗಳಲ್ಲಿ ಅವನು ಎಂದಿನಿಂದಲೂ ಇದ್ದಾನೆ. ಫೌಸ್ಟ್ ನಾಟಕದ ಆರಂಭದಲ್ಲಿರುವ ರಂಗಪ್ರಸ್ತಾವನೆಗೆ ಕಾಳಿದಾಸನ ಶಾಕುಂತಲವೇ ಪ್ರೇರಣೆ ಎಂದು ವಿದ್ವಾಂಸರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಹಾಗಾದರೆ ನಮ್ಮ ಸೂತ್ರಧಾರ ವೈಮಾರಿಗೆ ಹೋಗಿ ಬಹಳ ಕಾಲವಾಗಿತ್ತು. ಬೆನೆವಿಟ್ಜ್ ಅವನನ್ನು ಊರಿಗೆ ಮರಳಿ ಕರೆತಂದರು ಅಷ್ಟೇ.

ಇನ್ನು ನಮ್ಮ ಮಾಸ್ತರರ ವಿಷಯ. ಅವರ ಮನೆಯವರ ಅನುಮತಿ ಕೇಳಿಲ್ಲವಾದ್ದರಿಂದ ಹೆಸರು ಬರೆಯುವುದಿಲ್ಲ. ಹಿರಿಯ ವಿದ್ಯಾರ್ಥಿಗಳಿಗೆ ಹೇಳದೆಯೂ ಗೊತ್ತಾಗುತ್ತದೆ. ಸುಗ್ಗಿ ಮುಗಿದ ಮೇಲೆ ಗುಡಿಯ ಕಟ್ಟೆಯ ಮುಂದೆ ರಾತ್ರಿ ತಾಲೀಮು ಆರಂಭವಾಗುತ್ತಿತ್ತು. ಹಗಲೆಲ್ಲ ಗದ್ದೆಯಲ್ಲಿ ದುಡಿದ ಮೈಗಳು ಅಲ್ಲಿ ರಾಜರಾಗಬೇಕು, ಮಂತ್ರಿಗಳಾಗಬೇಕು. ಮದ್ದಳೆ, ತಾಳ, ಹಾರ್ಮೋನಿಯಂ. ಮಾಸ್ತರರು ಹಾಡು ಹೇಳಿಕೊಡುವರು, ಹೆಜ್ಜೆ ಹಾಕಿ ತೋರುವರು, ಮಾತು ತಿದ್ದುವರು, ವೇಷ ಒಪ್ಪುವುದೇ ಎಂದು ನೋಡುವರು. ಜರ್ಮನಿಯಲ್ಲಿ ಇದಕ್ಕೆ ನಿರ್ದೇಶನ ಎನ್ನುತ್ತಾರೆ. ನಾವು 'ಆಟ ಕಲಿಸೋದು' ಎಂದು ಸುಮ್ಮನಾಗುತ್ತಿದ್ದೆವು.

ನಾನು ಕಣ್ಣಾರೆ ಕಂಡ ಒಂದು ರಾತ್ರಿಯನ್ನು ಹೇಳುತ್ತೇನೆ. ಕುಮಾರರಾಮನ ಆಟದ ತಾಲೀಮು ನಡೆದಿತ್ತು. ಕಂಪ್ಲಿ ಸೀಮೆಯವರಾದ ನಮಗೆ ಕುಮಾರರಾಮ ಮನೆಯ ಮಗನಿದ್ದಂತೆ. ಮಲತಾಯಿ ರತ್ನಾಜಿ ಅವನನ್ನು ಮೋಹಿಸುವುದು, ಅವನು ಒಪ್ಪದಿರುವುದು, ಅವಳ ಮಾತು ನಂಬಿ ತಂದೆ ಮಗನ ತಲೆ ತರಹೇಳುವುದು: ಈ ಕಥೆ ನಿಮಗೆಲ್ಲ ಗೊತ್ತು. ರತ್ನಾಜಿಯ ಪಾತ್ರದ ಹುಡುಗ ರೇಗಿ ಕಿರುಚುತ್ತಿದ್ದ. ಹಾರ್ಮೋನಿಯಂ ಶ್ರುತಿಗೆ ಅವನ ದನಿ ಏರದೆ ಒಡೆಯುತ್ತಿತ್ತು. ಮಾಸ್ತರರು ಆಟ ನಿಲ್ಲಿಸಿ, "ಪೇಟಿ ನಿನ್ನ ದನಿಗೆ ಬರಬೇಕಲೇ ತಮ್ಮಾ, ನಿನ್ನ ದನಿ ಪೇಟಿಗಲ್ಲ" ಎಂದು ಶ್ರುತಿಯನ್ನೇ ಇಳಿಸಿದರು. ಅನಂತರ, "ಆಕಿ ಯಾಕ ಒದರ್ತಾಳ? ಮೆಲ್ಲಗ ಹೇಳು. ಒದರಿದ್ರ ಜನ ಬೈತಾರ, ಮೆಲ್ಲಗ ಹೇಳಿದ್ರ ಅಂಜ್ತಾರ" ಎಂದರು. ಹುಡುಗ ಮೆಲ್ಲಗೆ ಹೇಳಿದ. ಕಟ್ಟೆಯ ಮೇಲೆ ಕುಳಿತಿದ್ದ ನಮ್ಮೆಲ್ಲರ ಮೈ ಜುಮ್ಮೆಂದಿತು. ನಟನ ದನಿಗೆ ನಾಟಕವನ್ನು ಹೊಂದಿಸುವ ಈ ವಿದ್ಯೆಯನ್ನು ಮಾಸ್ತರರಿಗೆ ಯಾವ ಶಾಲೆಯೂ ಕಲಿಸಿರಲಿಲ್ಲ.

1984ರ ಫೆಬ್ರವರಿಯಲ್ಲಿ ಒಂದು ಸಂಜೆ ಅವರು ನಮ್ಮ ಮನೆಗೆ ಬಂದರು. ಬಟ್ಟೆಯಲ್ಲಿ ಕಟ್ಟಿದ್ದ ಲೆಕ್ಕದ ಉದ್ದ ಪುಸ್ತಕಗಳು ನಾಲ್ಕು. ಅವು ಆಟದ ಪ್ರತಿಗಳು. ಬರೀ ಪದ್ಯಗಳಲ್ಲ, ಎಲ್ಲಿ ಮದ್ದಳೆ ನಿಲ್ಲಬೇಕು, ಸಾರಥಿ ಎಲ್ಲಿ ನಡುವೆ ಬಾಯಿ ಹಾಕಬೇಕು, ಯಾರಿಗೆ ಯಾವ ಶ್ರುತಿ ಎಂಬ ಗುರುತುಗಳೆಲ್ಲ ಅಂಚಿನಲ್ಲಿ ಇದ್ದವು. "ನಿಮ್ಮ ಅಕ್ಷರ ಚೊಲೊ ಅದಾವ್ರಿ ಸರ. ಒಂದು ಶುದ್ಧ ಪ್ರತಿ ಮಾಡಿಕೊಡ್ರಿ" ಎಂದರು. ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರವಿತ್ತು. "ಪರೀಕ್ಷೆ ಮುಗಿಯಲಿ ಮಾಸ್ತರರೇ" ಎಂದೆ. ನಿಜ ಹೇಳಬೇಕೆಂದರೆ ಪರೀಕ್ಷೆ ನೆಪ. ಪದವಿ ಪಡೆದ ನನಗೆ ದೊಡ್ಡಾಟವೆಂಬುದು ಸಾಹಿತ್ಯವಲ್ಲವೆಂಬ ಒಳಗಿನ ತಾತ್ಸಾರವಿತ್ತು. ಅವರು ಗಂಟನ್ನು ಮತ್ತೆ ಕಟ್ಟಿಕೊಂಡು ಹೋದರು. ಮುಂದಿನ ಮಳೆಗಾಲದಲ್ಲಿ ತೀರಿಕೊಂಡರು. ನಾನು ಮಾತನಾಡಿಸಲು ಹೋದಾಗ ಮಗ ಆ ಗಂಟು ತಂದಿಟ್ಟ. ಮಾಳಿಗೆ ಸೋರಿ ಹಾಳೆಗಳು ಒಂದಕ್ಕೊಂದು ಅಂಟಿದ್ದವು. ಮಸಿ ಕರಗಿ ನೀಲಿ ನೀರಾಗಿತ್ತು.

ಅದೇ 1984ರಲ್ಲಿ ವೈಮಾರಿನ ರಂಗಮಂದಿರದಲ್ಲಿ ನಮ್ಮ ಗಿರೀಶ ಕಾರ್ನಾಡರ 'ಹಯವದನ' ಜರ್ಮನ್ ಭಾಷೆಯಲ್ಲಿ ವಿಜಯಾ ಮೆಹತಾ ಅವರ ನಿರ್ದೇಶನದಲ್ಲಿ ರಂಗವೇರಿತು. ಅಲ್ಲಿ ಕಥೆ ನಡೆಸುವವನೂ ನಮ್ಮ ಬಯಲಾಟದ ಭಾಗವತನೇ. ಜರ್ಮನರು ಅವನನ್ನು ಆದರದಿಂದ ಒಳಗೆ ಕರೆದ ವರ್ಷದಲ್ಲಿಯೇ ನಾನು ಅವನನ್ನು ನನ್ನ ಹೊಸಿಲಿನಿಂದ ಹಿಂದಕ್ಕೆ ಕಳಿಸಿದ್ದೆ.

ಇಬ್ಬರನ್ನೂ ಹೋಲಿಸುವುದು ನ್ಯಾಯವೇ ಎಂದು ನೀವು ಕೇಳಬಹುದು. ಅವರಿಗೆ ಸರ್ಕಾರದ ಸಂಬಳ, ರಂಗಮಂದಿರ, ವಿಮಾನದ ಟಿಕೇಟು. ಇವರಿಗೆ ಊರವರು ಕೂಡಿಸಿ ಕೊಟ್ಟ ಕಾಣಿಕೆ. ಒಪ್ಪುತ್ತೇನೆ. ಆದರೆ ಒಂದು ವಿಷಯದಲ್ಲಿ ಇಬ್ಬರೂ ಸಮಾನರು. ಕವಿಯ ಕೃತಿ ಪುಸ್ತಕದಲ್ಲಿ ಉಳಿಯುತ್ತದೆ, ಶಿಲ್ಪಿಯ ಕೃತಿ ಹಂಪಿಯಲ್ಲಿ ಉಳಿಯುತ್ತದೆ; ನಿರ್ದೇಶಕನ ಕೃತಿ ಬೆಳಗಾಗುವುದರೊಳಗೆ ಕರಗಿಹೋಗುತ್ತದೆ. ಬೆನೆವಿಟ್ಜರ ಕೆಲಸ ಇಂದು ನಮಗೆ ತಿಳಿಯುವುದಾದರೆ ಅದಕ್ಕೆ ಅವರ ಪ್ರತಿಭೆಯೊಂದೇ ಕಾರಣವಲ್ಲ. ಅವರು ಬರೆದ ಕಾಗದಗಳನ್ನು ಪಡೆದವರು ಎಸೆಯಲಿಲ್ಲ. ನಮ್ಮಲ್ಲಿ ನಿರ್ದೇಶಕರಿಗೆ ಕೊರತೆಯಿರಲಿಲ್ಲ. ಕಾಗದ ಪಡೆದು ಜೋಪಾನ ಮಾಡುವವರಿಗೆ ಕೊರತೆಯಿತ್ತು. ಆ ಕೊರತೆಗೆ ನಾನೇ ಸಾಕ್ಷಿ.

ವಿಶ್ವವಿದ್ಯಾನಿಲಯಗಳಿವೆ, ಬಯಲಾಟ ಅಕಾಡೆಮಿಯಿದೆ, ಅವು ನೋಡಿಕೊಳ್ಳುತ್ತವೆ ಎಂದು ಕೆಲವರು ಹೇಳುತ್ತಾರೆ. ಆಟದ ಪದ್ಯಗಳು ಅಚ್ಚಾಗುವುದು ಒಳ್ಳೆಯದೇ. ಆದರೆ ಪದ್ಯ ಅಚ್ಚಾದ ಮಾತ್ರಕ್ಕೆ ಆಟ ಉಳಿಯದು. ಶ್ರುತಿ ಇಳಿಸಿದ ಆ ಗಳಿಗೆ ಯಾವ ಪ್ರಸಂಗದ ಪುಸ್ತಕದಲ್ಲಿದೆ? ಬಳ್ಳಾರಿಯಲ್ಲಿ ರಾಘವರ ಹೆಸರಿನ ಕಲಾಮಂದಿರವಿದೆ. ಮಹಾನಟನಿಗೆ ಸಲ್ಲಬೇಕಾದ ಗೌರವವದು. ಆಟ ಕಲಿಸಿದ ಮಾಸ್ತರರಿಗೆ ಒಂದು ಪುಟವಾದರೂ ಬೇಡವೇ?

ಆದ್ದರಿಂದ ನನ್ನದೊಂದು ಬೇಡಿಕೆ. ಗುರುದಕ್ಷಿಣೆ ಎಂದೇ ತಿಳಿಯಿರಿ. ಕಂಪ್ಲಿ, ಸಂಡೂರು, ಹೊಸಪೇಟೆ ಸೀಮೆಯ ನಿಮ್ಮ ನಿಮ್ಮ ಊರುಗಳಲ್ಲಿ ಆಟ ಕಲಿಸಿದ, ಆಟ ಕಟ್ಟಿದ ಹಿರಿಯರು ಇದ್ದರೆ ಈ ಸಲ ಹಬ್ಬಕ್ಕೆ ಹೋದಾಗ ಅವರ ಬಳಿ ಒಂದು ಗಂಟೆ ಕುಳಿತುಕೊಳ್ಳಿ. ನಿಮ್ಮ ಜೇಬಿನಲ್ಲಿರುವ ಫೋನೇ ಸಾಕು. ಯಾರಿಂದ ಕಲಿತಿರಿ, ಯಾವ ಆಟ, ಯಾವ ಪಾತ್ರಕ್ಕೆ ಯಾರನ್ನು ಏಕೆ ಆರಿಸಿದಿರಿ, ತಪ್ಪಿದವನನ್ನು ಹೇಗೆ ತಿದ್ದಿದಿರಿ ಎಂದು ಕೇಳಿ. ಹಳೆಯ ಪ್ರತಿಯಿದ್ದರೆ ಪುಟಪುಟವಾಗಿ ಚಿತ್ರ ತೆಗೆದುಕೊಂಡು, ಪ್ರತಿಯನ್ನು ಅವರಿಗೇ ಮರಳಿಸಿ ಬನ್ನಿ. ನನಗೆ ಕಳುಹಿಸಿದರೆ ನಾನು ಅಕ್ಷರಕ್ಕೆ ಇಳಿಸುತ್ತೇನೆ. ಕೈ ತುಸು ನಡುಗುತ್ತದೆ. ಆದರೂ ಅಕ್ಷರ ಇನ್ನೂ ಕೆಟ್ಟಿಲ್ಲ.

ಈಗ ನನಗೆ ಯಾವ ಪರೀಕ್ಷೆಯ ನೆಪವೂ ಇಲ್ಲ.