ದೋಣಿಕಡವಿನ ಶಿಸ್ತು

ಶಾಲಾ ಪ್ರವಾಸದ ದಿನಗಳು ಬಂದವೆಂದರೆ ವಲಿಯಪರಂಬದ ಹಿನ್ನೀರಿನಲ್ಲಿ ದೋಣಿ ವಿಹಾರಕ್ಕೆ ನಮ್ಮ ಮಕ್ಕಳೂ ಹಾತೊರೆಯುತ್ತಾರೆ. ಹೋಗಿ ಬರಲಿ. ಆದರೆ ಕಡವಿನ ಶಿಸ್ತನ್ನು ಮೊದಲು ಕಲಿತು ಹೋಗಲಿ.

ಕುಮರಗಂನಲ್ಲಿ 2002ರಲ್ಲಿ 29 ಮಂದಿ, ತೇಕ್ಕಡಿಯಲ್ಲಿ 2009ರಲ್ಲಿ 45 ಮಂದಿ, ತಾನೂರಿನಲ್ಲಿ 2023ರ ಮೇ 7ರಂದು 22 ಮಂದಿ ನೀರುಪಾಲಾದರು. ತಾನೂರಿನ ದೋಣಿ ಮಿತಿಮೀರಿ ಜನರನ್ನು ತುಂಬಿಕೊಂಡು ಕತ್ತಲಾಗುವ ಹೊತ್ತಿನಲ್ಲಿ ಹೊರಟಿತ್ತು. ದಡದಲ್ಲಿಯೇ ಯಾರಾದರೂ ತಡೆದಿದ್ದರೆ ಅಷ್ಟು ಮನೆಗಳ ದೀಪ ಆರುತ್ತಿರಲಿಲ್ಲ.

ಇಳಿಯುವವರು ಇಳಿದ ಬಳಿಕವೇ ಏರಬೇಕು. ಇಬ್ಬದಿಗೂ ಸಮನಾಗಿ ಕುಳಿತುಕೊಳ್ಳಬೇಕು. ನೋಟ ಕಂಡಿತೆಂದು ಎಲ್ಲರೂ ಒಂದೇ ಮಗ್ಗುಲಿಗೆ ಧಾವಿಸಿದರೆ ದೋಣಿ ಮಗುಚೀತು. ಜೀವರಕ್ಷಕ ಜಾಕೆಟನ್ನು ಹೊರಡುವ ಮೊದಲೇ ಕಟ್ಟಿಕೊಳ್ಳಬೇಕು. ದೋಣಿ ತುಂಬಿದ್ದರೆ ‘ಇನ್ನೊಂದಕ್ಕೆ ಬರುತ್ತೇವೆ’ ಎಂದು ಹಿಂದೆ ಸರಿಯಲು ಅಧ್ಯಾಪಕರೂ ಹೆತ್ತವರೂ ನಾಚಬಾರದು.

ಇನ್ನೊಂದು ಮಾತು. ಎಚ್ಚರಿಕೆಯ ಫಲಕ ಮಲಯಾಳದಲ್ಲಿ ಮಾತ್ರವಿದ್ದರೆ ಕನ್ನಡ ಮಾಧ್ಯಮದ ಮಗು ಅದನ್ನು ಓದುವುದೆಂತು? ಕನ್ನಡಿಗರು ಸರಕಾರದೊಡನೆ ತಮ್ಮ ಭಾಷೆಯಲ್ಲಿಯೇ ವ್ಯವಹರಿಸಬಹುದೆಂದು 1969ರ ಕೇರಳ ರಾಜಭಾಷಾ ಕಾಯಿದೆಯೇ ಒಪ್ಪಿದೆ. ಹಾಗಿರುವಾಗ ಜೀವಕ್ಕೆ ಸಂಬಂಧಿಸಿದ ನಾಲ್ಕು ಸಾಲುಗಳನ್ನು ಜಿಲ್ಲೆಯ ಪ್ರತಿಯೊಂದು ಕಡವಿನಲ್ಲೂ ಕನ್ನಡದಲ್ಲಿ ಬರೆಸುವುದು ಭಾರವಾಗಲಾರದು. ಸಂಬಂಧಪಟ್ಟವರು ಇತ್ತ ಗಮನಹರಿಸಬೇಕಾಗಿದೆ.