ವ್ರಣವೆಂದರೆ ಹುಣ್ಣೋ, ಕಲೆಯೋ?

ಹೋದ ಮಳೆಗಾಲದಲ್ಲಿ ನಮ್ಮ ತಾಯಿಯವರು ಧಾರವಾಡದಿಂದ ಮುಂಬಯಿಗೆ ಬಂದಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿಯಲ್ಲಿ ಹುಣ್ಣಾಯಿತು. ನಾವು ದವಾಖಾನೆಯ ಕಂಪೌಂಡರನಿಗೆ ಫೋನು ಮಾಡಿ, ನಮಗೆ ಬರುವಷ್ಟು ಮರಾಠಿಯಲ್ಲಿ "ಪಾಯಾಲಾ ವ್ರಣ ಆಹೇ" ಎಂದೆವು. ಆತ ನಿಶ್ಚಿಂತೆಯಿಂದ ಮುಂದಿನ ವಾರ ಬರಹೇಳಿದ. ತಾಯಿಯವರೂ, "ಗಾಳಿಗೆ ಬಿಡೋ, ಒಣಗಿದ್ರ ಮಾಯ್ತದ" ಎಂದು ಸುಮ್ಮನಾದರು. ನಾಲ್ಕನೆಯ ದಿನ ಕೀವು, ಜ್ವರ. ಓಡಿಹೋದೆವು. ಅಲ್ಲಿ ತಿಳಿಯಿತು: ಈಗಿನ ಮರಾಠಿಯಲ್ಲಿ ವ್ರಣವೆಂದರೆ ಗಾಯ ಮಾಯ್ದ ಮೇಲೆ ಉಳಿಯುವ ಕಲೆ! ಹಸಿ ಗಾಯ ಅವರಿಗೆ 'ಜಖಮ'. ಹಳೆಯ ಕಲೆಗೆ ಯಾರು ತಾನೆ ಅವಸರಪಟ್ಟಾರು? ತಪ್ಪು ನಮ್ಮದೇ.

ಹೈದರಾಬಾದಿನ ಬಂಧುಗಳೂ ಎಚ್ಚರವಾಗಿರಬೇಕು. ನಮ್ಮ ಮಚ್ಚೆ ಹುಟ್ಟಿನೊಡನೆ ಬಂದದ್ದು. ತೆಲುಗಿನ 'ಮಚ್ಚ' ಗಾಯದ ಕಲೆಯೂ ಆದೀತು. ಮದರಾಸಿನವರಿಗೆ ತೊಂದರೆಯಿಲ್ಲ. ತಮಿಳಿನ 'ಪುಣ್' ನಮ್ಮ ಹಳಗನ್ನಡದ ಪುಣ್ಣೇ.

ತಾಯಿಯವರ ಮಾತಿಗೆ ಬರೋಣ. ಗಾಯ 'ಆರಿತು', 'ಒಣಗಿತು' ಎಂದು ಹೇಳಿ ಹೇಳಿ, ಒಣಗಿಸುವುದೇ ಮದ್ದೆಂದು ನಂಬಿದ್ದೇವೆ. 1962ರಲ್ಲಿ ಜಾರ್ಜ್ ವಿಂಟರ್ ಎಂಬವರು ಹಂದಿಗಳ ಮೇಲೆ ಪರೀಕ್ಷಿಸಿ, ತೇವ ಆರದಂತೆ ಮುಚ್ಚಿದ ಮೇಲುಗಾಯದಲ್ಲಿ ಹೊಸ ಚರ್ಮವು ಸುಮಾರು ಇಮ್ಮಡಿ ಬೇಗ ಹರಡುವುದೆಂದು ತೋರಿಸಿದರು. ಹಕ್ಕಳೆ ಕಟ್ಟಿದರೆ ಹೊಸ ಜೀವಕೋಶಗಳು ಅದರಡಿಯಲ್ಲಿ ದಾರಿ ಮಾಡಿಕೊಂಡು ತೆವಳಬೇಕಾಗುತ್ತದೆ. ಕೀವಾದ ಗಾಯದ ಮಾತು ಬೇರೆ. ಅದನ್ನು ಡಾಕ್ಟರರೇ ನೋಡಬೇಕು.

'ಮಾಯಿತು' ಎಂಬ ಮಾತೂ ಅರ್ಧ ಸತ್ಯವೇ. ಮೇಲೆ ಮುಚ್ಚಿಕೊಂಡರೂ ಒಳಗೆ ಕೊಲಾಜನ್ ಎಂಬ ಎಳೆಗಳ ಹೆಣಿಗೆ ತಿಂಗಳುಗಟ್ಟಲೆ ನಡೆದಿರುತ್ತದೆ. ಮೂರು ವಾರಕ್ಕೆ ಆ ಜಾಗಕ್ಕೆ ಮೊದಲಿನ ಚರ್ಮದ ಐದನೆಯ ಒಂದು ಪಾಲು ಬಲ ಬಂದಿದ್ದರೆ ಹೆಚ್ಚು. ಕೊನೆಗೂ ನೂರಕ್ಕೆ 80ನ್ನು ದಾಟದು. ಹೊಲಿಗೆ ಬಿಚ್ಚಿದ ಮರುದಿನವೇ ನೀರಿನ ಬಕೆಟ್ಟು ಎತ್ತುವ ನಮ್ಮ ಗೃಹಿಣಿಯರಿಗೆ ಇದನ್ನು ಹೇಳುವವರಾರು? ಕಲೆಯ ಮೇಲೆ ಕೂದಲು ಹುಟ್ಟದು, ಬೆವರೂ ಬಾರದು. ಅದು ಹಳೆಯ ಚರ್ಮವಲ್ಲ, ತೇಪೆ.

ತಾಯಿಯವರ ಹಿಮ್ಮಡಿ ಮಾಯಲು ಎರಡು ತಿಂಗಳು ಹಿಡಿಯಿತು. ಕಡೆಯ ಸಲ ಪಟ್ಟಿ ಬಿಚ್ಚಿದ ಕಂಪೌಂಡರ, "ವ್ರಣ ರಾಹಣಾರ" ಎಂದ. ಕಲೆ ಉಳಿಯುತ್ತದೆ ಎಂದು ಅವನ ಅರ್ಥ. ತಾಯಿಯವರು ಗಾಬರಿಯಿಂದ ನಮ್ಮತ್ತ ತಿರುಗಿ, "ಇನ್ನೂ ಹುಣ್ಣು ಅದ ಏನು?" ಎಂದು ಕೇಳಿದರು.