ಪದವಿ ವಿದ್ಯಾರ್ಥಿಗೆ ಸಂಶೋಧನೆಯ ಬಾಗಿಲು

2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲಿಯೇ ಮೊದಲಿಗೆ, 2021-22ನೇ ಸಾಲಿನಲ್ಲಿ, ಜಾರಿಗೆ ತಂದ ರಾಜ್ಯ ಕರ್ನಾಟಕ. ಅದೇ ರಾಜ್ಯದ ಸರಕಾರವು 2024ರ ಮೇ ತಿಂಗಳಲ್ಲಿ ನಾಲ್ಕು ವರ್ಷಗಳ ಪದವಿಯನ್ನು ಕೈಬಿಟ್ಟು, ಹಿಂದಿನ ಮೂರು ವರ್ಷಗಳ ಪದವಿಗೆ ಮರಳಿತು. ಒಂದು ವರ್ಷದ ಖರ್ಚು ಉಳಿಯಿತೆಂದು ಅನೇಕ ಹೆತ್ತವರು ಸಮಾಧಾನಪಟ್ಟುದು ಸಹಜವೇ. ಆದರೆ ಆ ನಾಲ್ಕನೆಯ ವರ್ಷದೊಂದಿಗೆ ಹೊರಟುಹೋದ ಒಂದು ಅವಕಾಶದ ಕುರಿತು ನಮ್ಮ ಮನೆಗಳಲ್ಲಿ ಅಷ್ಟಾಗಿ ಚಿಂತನೆ ನಡೆದಂತಿಲ್ಲ.

ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಚೌಕಟ್ಟಿನ ಪ್ರಕಾರ, ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇಕಡಾ 75 ಅಥವಾ ಅದಕ್ಕಿಂತ ಹೆಚ್ಚು ಅಂಕ ಗಳಿಸಿದ ವಿದ್ಯಾರ್ಥಿಯು ನಾಲ್ಕನೆಯ ವರ್ಷದಲ್ಲಿ ಸಂಶೋಧನೆಯನ್ನು ಆಯ್ದುಕೊಂಡು, ಪ್ರಾಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ ಪ್ರಬಂಧ ಸಿದ್ಧಪಡಿಸಬಹುದಾಗಿತ್ತು. ನಮ್ಮ ರಾಜ್ಯದ ವಿಶ್ವವಿದ್ಯಾನಿಲಯಗಳಿಗೆ ಸೇರಿದ ಕಾಲೇಜುಗಳಲ್ಲಿ ಮೂರು ವರ್ಷಕ್ಕೆ ಪದವಿ ಮುಗಿಸುವ ಮಕ್ಕಳಿಗೆ ಈ ಮಾರ್ಗ ಈಗಿಲ್ಲ. ಪಠ್ಯಕ್ರಮವೇ ಕೈಹಿಡಿದು ಒಯ್ಯುತ್ತಿದ್ದ ಸ್ಥಳಕ್ಕೆ ಇನ್ನು ವಿದ್ಯಾರ್ಥಿಯು ತಾನಾಗಿಯೇ ಅರ್ಜಿ ಬರೆದು ಹೋಗಬೇಕು.

ಹೋಗಲು ದಾರಿಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿಯ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಮತ್ತು ಪ್ರಯಾಗರಾಜ್‌ನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ, ಈ ಮೂರೂ ಜೊತೆಗೂಡಿ ಬೇಸಗೆ ಸಂಶೋಧನಾ ಫೆಲೋಶಿಪ್ ಯೋಜನೆಯೊಂದನ್ನು ನಡೆಸಿಕೊಂಡು ಬಂದಿವೆ. ಆಯ್ಕೆಯಾದವರು ಎರಡು ತಿಂಗಳು ವಿಜ್ಞಾನಿಯೊಬ್ಬರ ಪ್ರಯೋಗಾಲಯದಲ್ಲಿ ದುಡಿಯುತ್ತಾರೆ. ಅದಕ್ಕಾಗಿ ಧನಸಹಾಯವೂ ದೊರೆಯುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಇಂತಹುದೇ ಯೋಜನೆಯನ್ನು ಹೊಂದಿದೆ. ಬೇಸಗೆಯ ಕೆಲಸಕ್ಕೆ ಅರ್ಜಿಯನ್ನು ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿಯೇ ಕರೆಯುವುದು ವಾಡಿಕೆ. ಕ್ರಿಸ್ಮಸ್ ಗದ್ದಲ ಮುಗಿಯಲಿ, ಪರೀಕ್ಷೆ ಕಳೆಯಲಿ ಎಂದು ಕಾಯುವವರಿಗೆ ಬಾಗಿಲು ಮುಚ್ಚಿರುತ್ತದೆ.

ಇಲ್ಲಿ ನಮ್ಮ ಸಮುದಾಯದ ಒಂದು ದೌರ್ಬಲ್ಯವನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಕಾಲೇಜು ಪ್ರವೇಶವಿರಲಿ, ಉದ್ಯೋಗವಿರಲಿ, ಪರಿಚಯದ ಧರ್ಮಗುರುಗಳಿಂದಲೋ ಧರ್ಮಭಗಿನಿಯರಿಂದಲೋ ಒಂದು ಮಾತು ಹೇಳಿಸುವುದು ನಮಗೆ ರೂಢಿಯಾಗಿದೆ. ಸಂಶೋಧನೆಯ ಅರ್ಜಿಗೂ ಶಿಫಾರಸು ಪತ್ರ ಬೇಕು, ನಿಜ. ಆದರೆ ಆ ಶಿಫಾರಸು ಬೇರೆ, ವಶೀಲಿ ಬೇರೆ. ಪಾಠ ಹೇಳಿದ ಅಧ್ಯಾಪಕರು, ಈ ವಿದ್ಯಾರ್ಥಿಯು ಪ್ರಯೋಗದಲ್ಲಿ ತಪ್ಪಾದಾಗ ಏನು ಮಾಡಿದ, ತರಗತಿಯಲ್ಲಿ ಎಂತಹ ಪ್ರಶ್ನೆ ಕೇಳಿದ ಎಂಬುದನ್ನು ಕಂಡು ಬರೆಯುವ ಸಾಕ್ಷ್ಯವದು. ಮೂರು ವರ್ಷ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತ ಮಗುವಿನ ಬಗ್ಗೆ ಅಧ್ಯಾಪಕರು ಬರೆಯುವುದಾದರೂ ಏನನ್ನು?

ಅರ್ಜಿಯೊಂದಿಗೆ ವಿದ್ಯಾರ್ಥಿಯ ಕಿರು ಬರಹವನ್ನೂ ಕೇಳುತ್ತಾರೆ. ಅಲ್ಲಿ ಬಾಲ್ಯದಿಂದಲೂ ವಿಜ್ಞಾನದಲ್ಲಿ ಅಪಾರ ಆಸಕ್ತಿಯೆಂದು ಬರೆದರೆ ಫಲವಿಲ್ಲ. ಯಾವ ಪ್ರಶ್ನೆ ತನ್ನನ್ನು ಕಾಡಿತು, ಅದಕ್ಕಾಗಿ ಏನನ್ನು ಓದಿದೆ, ಯಾವ ಕೆಲಸ ಕೈಯಲ್ಲಿ ಮಾಡಿ ಗೊತ್ತು, ಇನ್ನೇನನ್ನು ಕಲಿಯಬೇಕಾಗಿದೆ ಎಂಬುದನ್ನು ಸರಳವಾಗಿ ತಿಳಿಸಬೇಕು. ಪ್ರಾಧ್ಯಾಪಕರಿಗೆ ನೇರವಾಗಿ ಬರೆಯುವವರು ಒಂದೇ ಪತ್ರವನ್ನು ಐವತ್ತು ಜನರಿಗೆ ಕಳುಹಿಸುವ ಬದಲು, ಮೂವರು ನಾಲ್ವರ ಕೆಲಸವನ್ನು ಓದಿ ತಿಳಿದು, ಪ್ರತಿಯೊಬ್ಬರಿಗೂ ಬೇರೆಯಾಗಿ ಬರೆಯುವುದು ಲೇಸು. ಉತ್ತರ ಬಾರದಿದ್ದರೆ ಅದು ಅವಮಾನವಲ್ಲ. ಕೆಲವು ವಾರ ಕಳೆದು ವಿನಯದಿಂದ ಇನ್ನೊಮ್ಮೆ ನೆನಪಿಸಬಹುದು.

ಹೆಣ್ಣುಮಕ್ಕಳ ವಿಷಯದಲ್ಲಿ ಹೆತ್ತವರು ಇನ್ನೂ ಹೆಚ್ಚು ಹಿಂಜರಿಯುತ್ತಾರೆ. ಅವರು ಅಣ್ಣಾ ಮಣಿಯವರ ಜೀವನವನ್ನು ತಿಳಿಯಬೇಕು. ಕೇರಳದ ಪೀರುಮೇಡಿನ ಅನುಕೂಲಸ್ಥ ಸಿರಿಯನ್ ಕ್ರೈಸ್ತ ಮನೆತನದಲ್ಲಿ 1918ರಲ್ಲಿ ಜನಿಸಿದವರು ಅವರು. ಗಂಡುಮಕ್ಕಳಿಗೆ ಉನ್ನತ ಉದ್ಯೋಗ, ಹೆಣ್ಣುಮಕ್ಕಳಿಗೆ ಮದುವೆ ಎಂಬುದು ಆ ಮನೆಯ ಕ್ರಮ. ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯವರು ವಜ್ರದ ಓಲೆ ಕೊಡಲು ಬಂದಾಗ, ಬಾಲಕಿ ಅದನ್ನು ಒಲ್ಲದೆ ವಿಶ್ವಕೋಶವನ್ನು ಕೇಳಿದಳು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪದವಿಯೊಂದನ್ನೇ ಕೈಯಲ್ಲಿ ಹಿಡಿದು, 1940ರಲ್ಲಿ ವಿದ್ಯಾರ್ಥಿವೇತನ ಪಡೆದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯವನ್ನು ಸೇರಿದರು. ಅಲ್ಲಿ ವಜ್ರ ಮತ್ತು ಮಾಣಿಕ್ಯಗಳು ಬೆಳಕನ್ನು ಸೂಸುವ ಬಗೆಯನ್ನು ಅಭ್ಯಸಿಸಿದರು. ಸ್ನಾತಕೋತ್ತರ ಪದವಿಯಿಲ್ಲವೆಂಬ ಕಾರಣದಿಂದ ಮದ್ರಾಸು ವಿಶ್ವವಿದ್ಯಾನಿಲಯ ಅವರಿಗೆ ಡಾಕ್ಟರೇಟ್ ಕೊಡಲಿಲ್ಲ. ಆದರೂ ಅವರು ಕುಗ್ಗಲಿಲ್ಲ. 1948ರಲ್ಲಿ ಹವಾಮಾನ ಇಲಾಖೆಯನ್ನು ಸೇರಿ, ದೇಶಕ್ಕೆ ಬೇಕಾದ ಹವಾಮಾನ ಮಾಪನ ಉಪಕರಣಗಳು ದೇಶದಲ್ಲಿಯೇ ತಯಾರಾಗುವಂತೆ ಶ್ರಮಿಸಿ, 1976ರಲ್ಲಿ ಉಪ ಮಹಾನಿರ್ದೇಶಕರಾಗಿ ನಿವೃತ್ತರಾದರು. ಮಗಳ ಮದುವೆಗೆ ಚಿನ್ನ ಕೂಡಿಡುವ ನಾವು, ಅವಳ ಎರಡು ತಿಂಗಳ ಕಲಿಕೆಗೆ ಎಷ್ಟನ್ನು ತೆಗೆದಿಡುತ್ತೇವೆ?

ಅಡ್ಡಿಗಳು ನಿಜವಾದವುಗಳೇ. ಸೆಮಿಸ್ಟರ್ ಪರೀಕ್ಷೆಗಳು ಬೇಸಗೆಯನ್ನು ಕಬಳಿಸುವುದುಂಟು. ಬೆಂಗಳೂರಿನಲ್ಲಿ ಊಟ ವಸತಿ ದುಬಾರಿ. ಬೇಗ ದುಡಿದು ಮನೆಯ ಸಾಲ ತೀರಿಸಬೇಕಾದ ಮಕ್ಕಳು ನಮ್ಮಲ್ಲಿ ಅನೇಕರು. ದಾದಿಯರಾಗಿ, ಕೊಲ್ಲಿಯ ನೌಕರರಾಗಿ ದುಡಿದವರ ಬೆವರಿನಿಂದಲೇ ನಮ್ಮ ಎಷ್ಟೋ ಮನೆಗಳು ಎದ್ದು ನಿಂತಿವೆಯಾದ್ದರಿಂದ ಆ ದಾರಿಗಳನ್ನು ಯಾರೂ ಹಗುರಾಗಿ ಕಾಣಬೇಕಾಗಿಲ್ಲ. ಆದರೆ ಬೇರೊಂದು ದಾರಿಯೂ ಇದೆಯೆಂಬುದು ಮಗುವಿಗೆ ಗೊತ್ತಾಗದೇ ಹೋದರೆ, ಅದನ್ನು ಆಯ್ಕೆಯೆಂದು ಕರೆಯಲಾಗದು.

ಇಲ್ಲಿ ಧರ್ಮಕೇಂದ್ರಗಳು ಮಾಡಬಹುದಾದುದು ಬಹಳವಿದೆ. ಮದುವೆಯ ಪ್ರಕಟಣೆಗಳನ್ನು ಓದುವಂತೆಯೇ ಸೆಪ್ಟೆಂಬರ್ ತಿಂಗಳಿನಿಂದ ಇಂತಹ ಅರ್ಜಿಗಳ ಸೂಚನೆಯನ್ನೂ ಬಲಿಪೂಜೆಯ ಬಳಿಕ ಓದಬಹುದು. ವಿದ್ಯಾನಿಧಿಯಿಂದ ಒಬ್ಬಿಬ್ಬರ ವಸತಿಯ ವೆಚ್ಚ ಭರಿಸಬಹುದು. ನಗರದ ಕಾನ್ವೆಂಟ್ ವಸತಿನಿಲಯಗಳು ಬೇಸಗೆಯಲ್ಲಿ ಕೆಲವು ಕೊಠಡಿಗಳನ್ನು ಈ ವಿದ್ಯಾರ್ಥಿನಿಯರಿಗೆ ಮೀಸಲಿಟ್ಟರೆ ಹೆತ್ತವರ ಅರ್ಧ ಭಯ ನೀಗುತ್ತದೆ. ನಮ್ಮ ಕಾಲೇಜುಗಳು ಪರೀಕ್ಷೆ ಮತ್ತು ಪ್ರಯೋಗಾಲಯಗಳ ದಿನಗಳು ಘರ್ಷಿಸದಂತೆ ವಿಶ್ವವಿದ್ಯಾನಿಲಯಗಳನ್ನು ಒತ್ತಾಯಿಸಬಹುದು.

ಆಧುನಿಕ ತಳಿಶಾಸ್ತ್ರದ ಅಡಿಪಾಯ ಬಿದ್ದುದು ಬರ್ನೋ ನಗರದ ಸಂತ ಅಗಸ್ಟೀನರ ಸಭೆಯ ಮಠದ ತೋಟದಲ್ಲಿ. ಅಲ್ಲಿಯ ಧರ್ಮಗುರು ಗ್ರೆಗರ್ ಮೆಂಡೆಲ್ ಬಟಾಣಿ ಗಿಡಗಳ ಕುರಿತ ತಮ್ಮ ಪ್ರಬಂಧವನ್ನು 1866ರಲ್ಲಿ ಪ್ರಕಟಿಸಿದರೂ, ಲೋಕವು ಅದನ್ನು ಗುರುತಿಸಿದ್ದು 1900ರಲ್ಲಿ, ಅವರು ತೀರಿಹೋದ ಮೇಲೆ. ಸೃಷ್ಟಿಯನ್ನು ತಾಳ್ಮೆಯಿಂದ ಅರಿಯುವುದು ವಿಶ್ವಾಸಕ್ಕೆ ಹೊರತಾದ ಕೆಲಸವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ತಲೆಂತುಗಳ ಸಾಮತಿಯಲ್ಲಿ ಯಜಮಾನನು ಗದರಿಸಿದ್ದು ನಷ್ಟ ಮಾಡಿಕೊಂಡವನನ್ನಲ್ಲ, ಭಯದಿಂದ ಹೂತಿಟ್ಟವನನ್ನು. ಈ ವರ್ಷ ನಮ್ಮ ಮನೆಯ ಮಗನೋ ಮಗಳೋ ಒಂದು ಅರ್ಜಿ ಬರೆಯಲಿ. ಆಯ್ಕೆಯಾಗದಿದ್ದರೂ, ತನ್ನ ಪ್ರಶ್ನೆಯೇನೆಂಬುದನ್ನು ಆ ಮಗು ಮೊದಲ ಬಾರಿಗೆ ತಾನೇ ಬರೆದು ತಿಳಿದಂತಾಗುತ್ತದೆ.